ಐದು ಎಚ್‌ಪಿ ಮದ್ದು

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರೂ ತಾಲ್ಲೂಕಿನಲ್ಲಿ ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತು ಬಿಸಾಕಿದ ಒಬ್ಬನೇ ಗಂಡಸು ನಾನು. ಸುಳ್ಳು. ಬೆಳಗ್ಗೆ ಒಂದು, ಸಂಜೆ ಒಂದು ಮಾತ್ರೆ ನುಂಗಿಕೊಂಡು ಮದ್ದೂರಿನಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವವನು. ಆದರೆ ಕಾಯಿಲೆ ಇದೆ ಅಂತ ಒಂದು ಸಲ ಬಾಯಿಬಿಟ್ಟರೆ ಸಾಕು, ದಾರೀಲಿ ಹೋಗೋರೆಲ್ಲ ಮದ್ದು ಹಿಡಿದುಕೊಂಡು ಅಂಗಡಿ ಹತ್ತುತ್ತಾರೆ. ಇಂಥವು ನಡೀತಾನೇ ಇರ್ತವೆ.

ಭಾವನ ಕಷಾಯ

ಮೊದಲು ಬಂದವರು ಶಿವಪುರದ ಭಾವ, ನನ್ನ ಹೆಂಡತಿಯ ಅಣ್ಣ. ಕೈಯಲ್ಲೊಂದು ಕ್ಯಾನು, ಒಳಗೆ ಎಂಜಿನ್ ಆಯಿಲ್ಲಿನಂಥ ಕಷಾಯ.

“ಮಾತ್ರೆ ಎಲ್ಲ ತಿಪ್ಪೆಗೆ ಎಸಿ. ಇದ ಒಂದು ತಿಂಗ್ಳು ಕುಡಿ. ಆಮ್ಯಾಕೆ ಜಿಲೇಬಿ ತಿಂದ್ರೂ ಏನೂ ಆಗಾಕಿಲ್ಲ ಬುಡು,” ಅಂದರು.

ಕುಡಿದೆ. ಜಿಲೇಬಿಗೆ ಮಾತ್ರ ತಿಂಗಳು ತುಂಬೋ ತನಕ ಕಾಯಲಿಲ್ಲ. ಕಣ್ಣು ಎಷ್ಟು ಮಂಜಾಯಿತೆಂದರೆ ದಪ್ಪ ತಂತಿ ಯಾವುದು, ಸಣ್ಣದು ಯಾವುದು ತಿಳಿಯದಾಯಿತು. ಹೋಗಿ ಮಂಡ್ಯದ ಡಾಕ್ಟರಮ್ಮನ ಮುಂದೆ ತಲೆತಗ್ಗಿಸಿ ಕೂತೆ.

“ಯಾರ್ರೀ ಕೊಟ್ಟಿದ್ದು ಆ ಕಷಾಯ?”

“ನಮ್ಮ ಭಾವ, ಮೇಡಂ.”

“ಅವರಿಗೂ ಶುಗರ್ ಇದೆಯಾ?”

“ಹತ್ತು ವರ್ಷದಿಂದ.”

“ಅವರೂ ಇದನ್ನೇ ಕುಡೀತಾರಾ?”

ಆ ಯೋಚನೆ ನನಗೆ ಬಂದೇ ಇರಲಿಲ್ಲ. ಹೊರಗೆ ಬಂದರೆ ಬೆಂಚಿನ ಮೇಲೆ ಟೋಕನ್ ಹಿಡಿದು ಭಾವ ಕೂತಿದ್ದಾರೆ!

“ನೀವೇನ್ ಭಾವ ಇಲ್ಲಿ?”

“ಮಾತ್ರೆ ಮುಗ್ದೋಗಿತ್ತು ಕಣಪ್ಪ. ಆ ಕಷಾಯನ ಮನುಸ್ರು ಕುಡಿಯಾಕ್ ಆಯ್ತದಾ? ಥೂ, ಕಹಿ!”

ದಪ್ಪನೆಯ ಅತ್ತೆ

ಭಾವನ ಮೇಲಿನ ಸೇಡನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು. ಸಿಕ್ಕಿದವನು ಹನಕೆರೆಯಿಂದ ಮೋಟರು ತಂದ ಗಿರಾಕಿ. “ಮಂಡಿನೋವಿಗೆ ತಾಮ್ರ ಒಳ್ಳೇದಂತೆ, ಒಂದು ಚೂರು ತಂತಿ ಕೊಡಣ್ಣ,” ಅಂದ.

“ಬರೀ ತಾಮ್ರದಲ್ಲಿ ಏನೈತೆ? ಕರೆಂಟು ಹರ್ದು ಸುಟ್ಟಿರೋ ತಾಮ್ರ ಆಗ್ಬೇಕು. ಪವರ್ರು ಅದ್ರಲ್ಲೇ ಕುಂತಿರ್ತದೆ,” ಅಂತ ಮುಖ ಗಂಟಿಕ್ಕಿ ಹೇಳಿ, ಅವನ ಮೋಟರಿನ ಸುಟ್ಟ ತಂತಿಯನ್ನೇ ಜಡೆಯಂತೆ ಹೆಣೆದು ಮಣಿಕಟ್ಟಿಗೆ ಕಟ್ಟಿದೆ. ಈಗ ನಗುತ್ತಾನೆ ಅಂದುಕೊಂಡೆ.

ಅವನು ನಗಲಿಲ್ಲ. “ಇದು ಎಷ್ಟು ಎಚ್‌ಪಿದು?” ಅಂದ.

“ಐದು.”

“ನಮ್ಮತ್ತೆಗೊಂದು ಏಳೂವರೆದು ಕೊಡಣ್ಣೋ. ಅವ್ರು ವಸಿ ದಪ್ಪ ಅವ್ರೆ.”

ಅಕ್ಕನ ಕಾಲು

ಮದ್ದೂರಿನಲ್ಲಿ ಮಂಡಿನೋವಿಗೆ ಅಂತ ಹೊರಟ ತಂತಿ ಮಳವಳ್ಳಿ ಮುಟ್ಟೋ ಹೊತ್ತಿಗೆ ಸಕ್ಕರೆ ಕಾಯಿಲೆಗೂ ಮದ್ದಾಗಿತ್ತು. ಮಳವಳ್ಳಿಗೆ ಕೊಟ್ಟಿರೋ ನನ್ನ ಅಕ್ಕನ ಮನೆಗೆ ಹೋದರೆ, ಅವಳು ಕುಂಟುತ್ತಾ ಬಂದು ಬಾಗಿಲು ತೆಗೆದಳು. ಅವಳಿಗೂ ಶುಗರ್. ಕಾಲಿನ ಹೆಬ್ಬೆರಳಲ್ಲಿ ಮಾಯದ ಹುಣ್ಣು. ಕೈಯಲ್ಲಿ ಹೆಣೆದ ತಂತಿ.

“ಮಾತ್ರೆ ಬುಟ್ಟು ಮೂರು ವಾರ ಆಯ್ತು ಕಣ್ಲಾ. ಸುಟ್ಟ ತಾಮ್ರ ಇದು, ಮದ್ದೂರ್ ಕಡೆಯಿಂದ ಬಂದೈತೆ.”

ಬಗ್ಗಿ ಅವಳ ಕಾಲು ನೋಡಿದೆ. ಚಿಕ್ಕವನಿದ್ದಾಗ ನನ್ನನ್ನು ಅಟ್ಟಿಸಿಕೊಂಡು ಬಂದು ಒದ್ದ ಕಾಲು ಅದು. ಅದಕ್ಕೇನಾದರೂ ಆದರೆ?

“ಅಕ್ಕ, ಅದು ನಾನೇ ತಮಾಸೆಗೆ ಕಟ್ಟಿದ ಕತೆ. ಬಿಚ್ಚಿ ಎಸಿ.”

“ಓಗ್ಲಾ! ಬಾವೀಲಿ ಮೊಸಳೆ ಐತೆ ಅಂತ ನನ್ ಮದುವೆ ದಿನ ಬೀಗ್ರನ್ನೆಲ್ಲ ಓಡಿಸ್ದೋನು ನೀನು. ನಿನ್ ಮಾತ ನಂಬಿ ಇಂಥಾ ಮದ್ದ ಬುಡ್ಲಾ?”

ದೇವರ ಮೇಲೆ ಆಣೆ ಇಟ್ಟೆ. ಅದೂ ನಡೆಯಲಿಲ್ಲ. ಜೀವನದಲ್ಲಿ ಅಪರೂಪಕ್ಕೊಂದು ನಿಜ ಹೇಳಿ ಸೋತು, ಗೊತ್ತಿರೋ ಕಸುಬಿಗೇ ಇಳಿದೆ. ತಂತಿಯನ್ನು ತಿರುಗಿಸಿ ನೋಡಿ ಬೆಚ್ಚಿಬಿದ್ದೆ.

“ಅಯ್ಯಯ್ಯೋ, ಇದಕ್ಕೆ ಅರ್ಥಿಂಗ್ ಎಲ್ಲಕ್ಕ?”

“ಅಂಗಂದ್ರೆ?”

“ಅರ್ಥಿಂಗ್ ಕೊಡದಿದ್ರೆ ಮೋಟರು ಮುಟ್ಟಿದೋರ್ಗೆ ಶಾಕು ಒಡೆಯಾಕಿಲ್ವಾ? ಇದೂ ಅಂಗೇ. ಪವರ್ರೆಲ್ಲ ಕಾಲಿಗಿಳಿದು ಅಲ್ಲೇ ಸುಡ್ತಾ ಐತೆ. ಡಾಕ್ಟ್ರು ಕೊಟ್ಟ ಮಾತ್ರೆ ಐತಲ್ಲ, ಅದೇ ಅರ್ಥಿಂಗು! ಒಂದೊತ್ತೂ ತಪ್ಪಿಸಂಗಿಲ್ಲ. ಹುಣ್ಣ ಇವತ್ತೇ ತೋರಿಸ್ಬೇಕು, ನಡಿ.”

ಅಕ್ಕನ ಮುಖ ಬಿಳುಚಿಕೊಂಡಿತು. “ಇದ ಮೊದ್ಲೇ ಏಳಾಕೆ ನಿಂಗೇನ್ ದೊಡ್ರೋಗ ಬಂದಿತ್ಲಾ?”

ಅವತ್ತೇ ಬಸ್ಸು ಹತ್ತಿಸಿ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಎರಡು ತಿಂಗಳು ಬ್ಯಾಂಡೇಜು, ಮಾತ್ರೆ, ಪಥ್ಯ. ಹುಣ್ಣು ಮಾಯಿತು. ರಿಪೋರ್ಟು ನೋಡಿ ಡಾಕ್ಟರಮ್ಮ, “ಎಷ್ಟು ಚೆನ್ನಾಗಿ ಇಳಿದಿದೆ! ಏನಮ್ಮ ಮಾಡಿದ್ರಿ?” ಅಂದರು.

“ಅರ್ಥಿಂಗ್ ತಪ್ಪಿಸ್ಲಿಲ್ಲ ಕಣವ್ವ.”

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

ನನ್ನ ಕೈ

ಮೊನ್ನೆ ಅದೇ ಕಾಲಲ್ಲಿ ದಡದಡ ನಡೆದುಕೊಂಡು ಅಕ್ಕ ನನ್ನ ಅಂಗಡಿಗೇ ಬಂದಳು.

“ನಿನ್ ಶುಗರ್ ಎಷ್ಟೈತ್ಲಾ?”

“ವಸಿ ಏರೈತೆ ಕಣಕ್ಕ.” ಜಿಲೇಬಿ ವಿಷಯ ಎತ್ತಲಿಲ್ಲ.

“ಏರ್ದೆ ಇನ್ನೇನಾದದು? ಬರೀ ಅರ್ಥಿಂಗ್ ನುಂಗ್ತಾ ಕುಂತಿದ್ದೀಯ, ತಂತಿ ಎಲ್ಲಿ?” ಅಂತ ಸೆರಗಿನ ಗಂಟಿನಿಂದ ಒಂದು ತೆಗೆದು ನನ್ನ ಕೈಗೆ ಬಿಗಿದಳು. “ಹತ್ತು ಎಚ್‌ಪಿದು. ಸುಳ್ಳು ಏಳೋರ್ಗೆ ಅಷ್ಟು ಬೇಕೇ ಬೇಕಂತೆ. ನೀನು ಇದ ಬಿಚ್ಚಿದ್ ದಿನ ನಾನೂ ಮಾತ್ರೆ ಬುಟ್ಬುಡ್ತೀನಿ, ನೋಡ್ಕೊ.”

ಹೀಗಾಗಿ ಸ್ನಾನ ಮಾಡುವಾಗಲೂ ಬಿಚ್ಚುವ ಹಾಗಿಲ್ಲ. ನೀವು ಆಗಿನಿಂದ ಕೈ ನೋಡಿ ನಗುತ್ತಿದ್ದೀರಿ, ಗೊತ್ತು. ನಗೋದು ಸಾಕು, ಟೀ ದುಡ್ಡು ನೀವೇ ಕೊಟ್ಟುಬಿಡಿ. ಈ ಕೈ ಗಲ್ಲಾದ ಮುಂದೆ ಚಾಚಿದರೆ ಈ ಟೀ ಅಂಗಡಿಯವನೂ ಎಷ್ಟು ಎಚ್‌ಪಿದು ಅಂತ ಕೇಳ್ತಾನೆ.