ಸೋಮವಾರದ ಬೀಗ

ವ್ಯಾಪಾರದ ಗುಟ್ಟು ತಿಳಿಯಬೇಕಾದರೆ ಅಂಗಡಿ ಮುಚ್ಚಿದವನನ್ನು ಕೇಳಬೇಕು. ಚೆನ್ನಾಗಿ ನಡೆಸುತ್ತಿರುವವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ, ನನಗೆ ಈಗ ಉಳಿದಿರುವುದು ಅದೊಂದೇ. ನಮ್ಮದು ಗುದ್ದಲಿ, ನೇಗಿಲ ಗುಳ, ಕುಂಟೆಯ ಕುಡ, ಹೀಗೆ ಬೇಸಾಯದ ಕಬ್ಬಿಣದ ಸಾಮಾನು ಮಾರುವ ಮನೆತನ. ಅಪ್ಪ ಹೋಗುವ ಮುಂಚೆ ಚನ್ನಗಿರಿಯ ಅಂಗಡಿ ದೊಡ್ಡಣ್ಣನಿಗೆ, ಹೊನ್ನಾಳಿಯದು ಚಿಕ್ಕಣ್ಣನಿಗೆ, ನ್ಯಾಮತಿಯದು ತಮ್ಮನಿಗೆ, ಜಗಳೂರಿನದು ನನಗೆ ಎಂದು ಹಂಚಿದರು. ಜೊತೆಗೊಂದು ಕಟ್ಟಪ್ಪಣೆ: ಸೋಮವಾರ ಬಸವಣ್ಣನ ವಾರ, ಅಂಗಡಿ ತೆಗೆಯಬಾರದು. ಉಳಿದ ಮೂವರದು ತೋಟ, ಗದ್ದೆ, ಟ್ರ್ಯಾಕ್ಟರಿನ ಸೀಮೆ, ಅವರ ವ್ಯಾಪಾರ ಕುದುರಿತು. ಎತ್ತಿನ ಬೇಸಾಯದ ಜಗಳೂರಿನಲ್ಲಿ ನಾನು ನೊಣ ಹೊಡೆಯುತ್ತ ಕೂತೆ.

ಸುಮ್ಮನೆ ಕೂತೆನೆಂದು ತಿಳಿಯಬೇಡಿ. ಬೋರ್ಡಿಗೆ ಬಣ್ಣದ ಲೈಟು ಹಾಕಿಸಿದೆ. ವಾಸ್ತುವಿನವನ ಮಾತು ಕೇಳಿ ಗಲ್ಲಾಪೆಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಹೊರಿಸಿದೆ. ಕೊನೆಗೆ ಊರಿನ ಜನವೇ ಸರಿಯಿಲ್ಲವೆಂದು ಬೈದೆ. ಜನ ಯಾಕೆ ಬರುವುದಿಲ್ಲ ಅಂತ ಅವರನ್ನೇ ಕೇಳಬಾರದೇ ಎಂದಳು ಹೆಂಡತಿ ಗಿರಿಜಾ. ಗಿರಾಕಿಯ ಮುಂದೆ ಕೈಕಟ್ಟಿ ನಿಲ್ಲುವ ಜಾಯಮಾನ ನನ್ನದಲ್ಲ. ಪ್ರತಿ ಭಾನುವಾರ ಸಂಜೆ ಬೀಗ ಜಡಿದು, ಅವಳೊಡನೆ ದೊಡ್ಡಣ್ಣನ ಮನೆಗೆಂದು ಚನ್ನಗಿರಿಯ ಬಸ್ಸು ಹತ್ತುತ್ತಿದ್ದೆ, ಮಂಗಳವಾರ ಮರಳುತ್ತಿದ್ದೆ. ಅಂಗಡಿ ಮುಚ್ಚಿದರೆ ನಾನು ದೊಡ್ಡಣ್ಣನ ಆಳು, ಅವಳು ಮತ್ತೆ ಅತ್ತಿಗೆಯ ಅಡುಗೆಮನೆಗೆ. ಅದನ್ನು ನೆನೆದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಕೊನೆಗೂ ಮುಚ್ಚಲೇಬೇಕಾಯಿತು. ಬಾಡಿಗೆ ಕಟ್ಟಲಾಗದೆ ಹೋದಾಗ ಕಟ್ಟಡದ ಮಾಲೀಕರು ಬೇರೆಯವರಿಗೆ ಅಂಗಡಿ ಗೊತ್ತುಮಾಡಿದರು. ಹೇಗೂ ರಜೆಯೆಂದು ಸೋಮವಾರವೇ ಸಾಮಾನು ಲಾರಿಗೆ ಹೇರಿಸಿದೆ. ಜಗಳೂರಿನ ಸೋಮವಾರವನ್ನು ನಾನು ನೋಡಿದ್ದು ಅಂದೇ. ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಾರಿಯಲ್ಲಿದ್ದ ಕುಡವನ್ನು ಮುಟ್ಟಿ ನೋಡುತ್ತ ಒಬ್ಬ ರೈತ ಕೇಳಿದ, “ಇವತ್ತಾದ್ರೂ ಬಾಗ್ಲು ತೆಗದ್ರಲ್ಲ, ಖಾಲಿ ಮಾಡಾಕೇನ್ರಿ?”

ಹೌದೆಂದೆ.

“ಬಸವಣ್ಣನ ವಾರ ನಾವು ಎತ್ತು ಹೂಡಲ್ರಿ. ಪ್ಯಾಟೆಗೆ ಬರಾಕೆ ಅದೊಂದೇ ದಿನ. ನೀವು ಅವತ್ತೇ ಬೀಗ ಹಾಕಿರ್ತಿದ್ರಿ.”

ಒಬ್ಬರಾದರೂ ಹೇಳಬಾರದಿತ್ತೇ ಎಂದು ಗದರಿದೆ.

“ಹೇಳಾಕೆ ನೀವು ಇರ್ಬೇಕಲ್ರಿ,” ಎಂದ.

ನನಗೆ ಅಳು ಬಂತು. ಗಿರಿಜಾ ನನ್ನ ಮುಖ ನೋಡಲಿಲ್ಲ, ಅಂಗಡಿಯ ಹಿಂದಿನ ನಮ್ಮ ಕೋಣೆಯ ಅಡುಗೆ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

ಈಗ ದೊಡ್ಡಣ್ಣನ ಅಂಗಡಿಯಲ್ಲಿ ತೂಕ ಹಾಕುತ್ತೇನೆ. ಸೋಮವಾರ ನನಗೂ ರಜೆ, ಜಗಳೂರಿನ ಎತ್ತುಗಳಿಗೂ ರಜೆ. ಮಿಕ್ಕ ದಿನ ಅವು ದುಡಿಯುವುದು ಇನ್ನೊಬ್ಬರ ಹೊಲದಲ್ಲಿ, ನಾನೂ ಅಷ್ಟೇ.