ಸ್ಯಾಂಪಲ್ಲಿಗೆ ಬಿಚ್ಚಿದ ಪಟ್ಟಿ

ಕಾರನ್ನು ತೊಳೆಯದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಆ ಹಳೇ ಕಾರು ಮೂರು ವರ್ಷದ ಹಿಂದೆ ಮಾವ ಕೊಟ್ಟದ್ದು. "ಒಂದು ಸ್ಕ್ರೂ ಕಳೆದ್ರೂ ವಾಪಸ್ ತಗೊಂಡು ದೊಡ್ಡಳಿಯಂಗೆ ಕೊಟ್ಬಿಡ್ತೀನಿ" ಎಂದೇ ಕೊಟ್ಟಿದ್ದರು. ಅಂದಿನಿಂದ ಅದು ತನ್ನ ಎಡಮೈಯನ್ನು ಗೋಡೆಗೆ ಒತ್ತಿಕೊಂಡು, ಶಿಕ್ಷೆಗೆ ನಿಲ್ಲಿಸಿದ ಹುಡುಗನಂತೆ ನಿಂತಿತ್ತು. ಸಂಜೆ ನಾಲ್ಕಕ್ಕೆ ಮಾವ ಬರುತ್ತಾರೆಂದು ಪ್ರೂಫ್ ರೀಡರ್ ಅದನ್ನು ಹೊರಗೆ ತಂದು ತೊಳೆದ. ಎಡಬಾಗಿಲಿನ ಉದ್ದಕ್ಕೂ ಇರಬೇಕಾದ ಕ್ರೋಮ್ ಪಟ್ಟಿ ಇರಲಿಲ್ಲ. ಅದರ ಜಾಗದಲ್ಲಿ ಮೂರು ತೂತುಗಳಿದ್ದವು.

"ಪುಸ್ತಕದಲ್ಲಿ ಒಂದು ಕಾಮಾ ಬಿಟ್ಟುಹೋದ್ರೆ ಊಟ ಸೇರಲ್ಲ ನಿಮ್ಗೆ. ಮೂರಡಿ ಪಟ್ಟಿ ಹೋಗಿದ್ದು ಕಾಣ್ಲಿಲ್ವಾ?" ಎಂದಳು ಹೆಂಡತಿ. "ನಮ್ಮ ಭಾವ ಈ ಕಾರು ತಮಗೇ ಬರತ್ತೆ ಅಂತ ಆಗ್ಲೇ ಶೆಡ್ಡು ಕಟ್ಟಿಸ್ತಿದ್ದಾರಂತೆ. ಸುಮ್ನೆ ಮತ್ತೆ ಗೋಡೆ ಕಡೆಗೆ ತಿರುಗಿಸಿ ನಿಲ್ಸಿ."

"ತಪ್ಪು ಕಂಡ ಮೇಲೆ ಪುಟ ಮಗುಚೋ ಜಾತಿ ನಂದಲ್ಲ ಕಣೇ."

ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಸರ್ವೆಯರ್ ಟೇಪು ಹಿಡಿದು ಹಾಜರಾದರು. ಅಳೆಯಲು ಏನಾದರೂ ಸಿಕ್ಕಿದರೆ ಅವರಿಗೆ ಹತ್ತು ವರ್ಷ ಕಡಿಮೆಯಾಗುತ್ತಿತ್ತು.

"ಗುಜರಿ ಅಂಗಡಿಗೆ ಬರೀ ಅಳತೆ ಹಿಡ್ಕೊಂಡು ಹೋದ್ರೆ ಟೋಪಿ ಹಾಕ್ತಾರೆ ಸ್ವಾಮಿ. ಎಡ, ಬಲ ಎರಡೂ ಒಂದೇ ಅಚ್ಚು. ಬಲದ್ದನ್ನ ಸ್ಯಾಂಪಲ್ಲಿಗೆ ಬಿಚ್ಕೊಳ್ಳಿ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಬಿಚ್ಚಿಯೂ ಬಿಟ್ಟಿದ್ದರು.

ಬಸ್ಸು ಕಿಕ್ಕಿರಿದಿತ್ತು. ಯಾರ ಕಣ್ಣಿಗೂ ಚುಚ್ಚದಿರಲೆಂದು ಅವನು ಪಟ್ಟಿಯನ್ನು ತಲೆಯ ಮೇಲೆ ಅಡ್ಡಡ್ಡ ಎತ್ತಿ ಹಿಡಿದ. ದಢೂತಿಯೊಬ್ಬ ಅದನ್ನೇ ಬಸ್ಸಿನ ಕಂಬಿಯೆಂದು ತಿಳಿದು ನಾಲ್ಕು ಸ್ಟಾಪು ಜೋತುಬಿದ್ದ. ಇಳಿಯುವಾಗ "ಕಂಬಿ ಲೂಸಾಗಿದೆ" ಎಂದು ಕಂಡಕ್ಟರನಿಗೆ ದೂರನ್ನೂ ಕೊಟ್ಟ. ಪಟ್ಟಿ ನಡುವೆ ಹುಬ್ಬಿನಂತೆ ಬಗ್ಗಿತ್ತು.

ಗುಜರಿ ಅಂಗಡಿಯಲ್ಲಿ ಅಣ್ಣ, ತಮ್ಮ ಇಬ್ಬರು. ಅಣ್ಣ ಸ್ಯಾಂಪಲ್ ಇಸಿದುಕೊಂಡು, ಅವನ ಫೋನ್ ನಂಬರನ್ನು ಅಂಗೈ ಮೇಲೆ ಬರೆದುಕೊಂಡ. "ಇದರ ಜೋಡಿ ಗೋಡೌನಲ್ಲಿ ಹುಡುಕ್ಬೇಕು. ಟೀ ಕುಡ್ಕೊಂಡು ಬನ್ನಿ" ಎಂದ.

ಟೀ ಕುಡಿದು, ಗಾಬರಿಗೆ ಇನ್ನೊಂದು ಕುಡಿದು ಬರುವಷ್ಟರಲ್ಲಿ ಅಣ್ಣ ಊಟಕ್ಕೆ ಹೋಗಿದ್ದ. ಗಲ್ಲಾದಲ್ಲಿ ತಮ್ಮ ಕೂತಿದ್ದ. ಪ್ರೂಫ್ ರೀಡರ್ ಕಾರಿನ ಹೆಸರು ಹೇಳಿ, "ಬಾಗಿಲ ಪಟ್ಟಿ ಸಿಕ್ತಾ?" ಎಂದು ಕೇಳಿದ.

"ನಿಮ್ಮ ಅದೃಷ್ಟ ಸಾರ್! ಈಗಷ್ಟೇ ಒಂದು ಬಂದಿದೆ. ಪಾಲಿಶ್ ಹೊಡೆದು ಇಟ್ಟಿದೀನಿ."

ಪಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅಳತೆ ಸರಿಯಿತ್ತು, ತೂತುಗಳೂ ಸರಿಯಿದ್ದವು. ನಡುವಿನ ಬಾಗು ಕೂಡ ಇತ್ತು.

"ಇದೂ ಬಗ್ಗಿದೆಯಲ್ಲಪ್ಪ?"

"ಈ ಮಾಡೆಲ್ದು ಎಲ್ಲಾ ಅಲ್ಲೇ ಬಗ್ಗೋದು ಸಾರ್."

ಪ್ರೂಫ್ ರೀಡರ್ ಬಸ್ಸಿನ ದಢೂತಿಯನ್ನು ಮನಸ್ಸಿನಲ್ಲೇ ಕ್ಷಮಿಸಿದ. ಕೇಳಿದಷ್ಟು ಕೊಟ್ಟ. "ನನ್ನ ಸ್ಯಾಂಪಲ್ಲು?"

"ಅದೆಲ್ಲ ಅಣ್ಣಂಗೇ ಗೊತ್ತು. ಸಂಜೆ ಬನ್ನಿ."

ಆಗಲೇ ಮೂರು ಗಂಟೆ. ಅವನು ಮನೆಗೆ ಓಡಿದ. ಸರ್ವೆಯರ್ ಎರಡೆರಡು ಸಲ ಅಳೆದು, "ಕೂದಲೆಳೆ ವ್ಯತ್ಯಾಸ ಇಲ್ಲ!" ಎಂದು ಎಡಬಾಗಿಲಿಗೆ ಕೂರಿಸಿದರು. ಬೋಳಾದ ಬಲಮೈಯನ್ನು ಸಂಜೆವರೆಗೆ ಗೋಡೆಗೆ ಅಂಟಿಸಿ ನಿಲ್ಲಿಸಿ, ಅವನು ಎಡಬಾಗಿಲಿನಿಂದ ತೆವಳಿಕೊಂಡು ಹೊರಬಂದ.

"ಪುಟ ಮಗುಚಿದ್ರಾ?" ಎಂದಳು ಹೆಂಡತಿ.

ಮಾವ ಬಂದವರೇ ಎಡಬಾಗಿಲ ಮುಂದೆ ನಿಂತರು. ಪಟ್ಟಿಯ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿತು.

"ಭೇಷ್ ಅಳಿಯಂದ್ರೇ! ಕಾರು ಕೊಡೋ ಮೊದ್ಲು ಈ ಕಡೇದನ್ನ ಪಾಲಿಶ್ ಮಾಡ್ಸೋಕೆ ಅಂತ ನಾನೇ ಬಿಚ್ಚಿ, ಬೀರೂಲಿಟ್ಟು ಮರೆತುಬಿಟ್ಟಿದ್ದೆ. ಇವತ್ತು ಕೊಟ್ಟು ಹೋಗೋಣ ಅಂತ ತಂದೆ." ಚೀಲದಿಂದ ಪೇಪರ್ ಸುತ್ತಿದ ಪಟ್ಟಿ ತೆಗೆದರು. ಅದು ಎಲ್ಲೂ ಬಗ್ಗಿರಲಿಲ್ಲ. "ನೋಡಿದ್ರೆ ನೀವಾಗ್ಲೇ ಹುಡುಕಿ ಹಾಕಿದೀರಿ. ಹಾಗಾದ್ರೆ ಇದು ದೊಡ್ಡಳಿಯಂಗಿರ್ಲಿ. ಕಿಟಕಿ ಪರದೆಗೆ ಕಂಬಿ ಬೇಕು ಅಂತಿದ್ರು."

ಪ್ರೂಫ್ ರೀಡರ್ ಕೈ ಚಾಚುವಷ್ಟರಲ್ಲಿ ಮಾವ ಪಟ್ಟಿಯನ್ನು ಮತ್ತೆ ಚೀಲಕ್ಕೆ ಸೇರಿಸಿದರು.

"ಸರಿ, ಕಾರು ಹೊರಗೆ ತೆಗೀರಿ. ಹಾಗೇ ಅವರ ಮನೇಗೆ ಹೋಗಿ ಕೊಟ್ಟು ಬರೋಣ."

"ಮಾವ... ಬಲಗಡೇದು ಪಾಲಿಶ್‌ಗೆ ಕೊಟ್ಟಿದೀನಿ. ಒಂದರ್ಧ ಗಂಟೆ, ಈಗ್ಲೇ ತಂದ್ಬಿಡ್ತೀನಿ."

ಆಗ ಫೋನು ಬಂತು. ಗುಜರಿ ಅಂಗಡಿಯ ಅಣ್ಣ.

"ಸಾರ್, ಬೇಜಾರಾಗ್ಬೇಡಿ. ನಿಮ್ಮ ಸ್ಯಾಂಪಲ್ಲನ್ನ ನಮ್ಮ ತಮ್ಮ ಯಾರೋ ಗಿರಾಕಿಗೆ ಮಾರ್ಬಿಟ್ಟಿದ್ದಾನೆ. ಎಂಥಾ ಪೆದ್ದನೋ ಏನೋ, ಬಗ್ಗಿದ್ದು ಕಂಡೂ ಖುಷಿಯಾಗಿ ತಗೊಂಡೋದ್ನಂತೆ!"