ಮೇಷ್ಟ್ರ ಬಲಗಣ್ಣೂ ಜಿಲ್ಲೆಯ ಪತ್ರಿಕೆಯೂ

15 ಜುಲೈ 2001, ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲು. ಬಣಕಲ್.

ಅಚ್ಚಾದದ್ದೆಲ್ಲ ಸರಿಯಾಗಿರುತ್ತದೆ ಎಂದು ನಾನು ಹತ್ತನೇ ತರಗತಿಯವರೆಗೆ ನಂಬಿದ್ದೆ. ಕೈಬರಹದಲ್ಲಿ ತಪ್ಪು ಬರುವುದು ಸಹಜ, ಅದಕ್ಕೇ ಮೇಷ್ಟ್ರು ಕೆಂಪು ಶಾಯಿ ಇಟ್ಟುಕೊಂಡಿರುತ್ತಾರೆ. ಆದರೆ ಅಚ್ಚು ಎಂದರೆ ಯಾರೋ ತಿಳಿದವರು ಬರೆದು, ಅವರಿಗಿಂತ ತಿಳಿದವರು ತಿದ್ದಿ, ಇನ್ನೂ ತಿಳಿದವರೊಬ್ಬರು ಕನ್ನಡಕ ಏರಿಸಿ ನೋಡಿ ‘ಹೂಂ’ ಅಂದ ಮೇಲೆ ಹೊರಬರುವುದು ಎಂಬುದು ನನ್ನ ಕಲ್ಪನೆ. ಈಗ ನನಗೆ ಇಪ್ಪತ್ತಾರು ವರ್ಷ. ಆ ಮೂವರಲ್ಲಿ ಒಬ್ಬರೂ ಇಲ್ಲವೆಂದು ಖಾತ್ರಿಯಾಗಿದೆ. ಕಾಸು ಕೊಟ್ಟು ಕೊಳ್ಳುವ ಪತ್ರಿಕೆ, ಪುಸ್ತಕ, ಪಂಚಾಂಗ ಯಾವುದನ್ನೇ ಬಿಡಿಸಿದರೂ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಮೊದಲ ತುತ್ತಿಗೇ ಹಲ್ಲು ಜುಮ್ಮೆನ್ನುತ್ತದೆ. ಹೋದ ವರ್ಷ ಚಿಕ್ಕಮಗಳೂರಿನಲ್ಲಿ ಒಂದು ದಪ್ಪ ಪುಸ್ತಕ ಕೊಂಡೆ. ಅದರ ಕೊನೆಯಲ್ಲಿ ತಪ್ಪು ತಿದ್ದುವ ಒಪ್ಪೋಲೆ ಅಂಟಿಸಿದ್ದರು. ತಪ್ಪನ್ನು ತಾವೇ ಒಪ್ಪಿಕೊಂಡ ದೊಡ್ಡ ಮನಸ್ಸಿಗೆ ಮೆಚ್ಚಿ ಓದಿದರೆ, ಒಪ್ಪೋಲೆಯಲ್ಲೇ ಎರಡು ತಪ್ಪು. ಆ ದಿನ ಡೈರಿಯಲ್ಲಿ ‘ಇನ್ನು ಉಳಿಗಾಲವಿಲ್ಲ’ ಎಂದು ಒಂದೇ ಸಾಲು ಬರೆದು ಮಲಗಿದ್ದೇನೆ.

ನಾನು ಲೆಕ್ಕದವಳು. ಇಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಾಫಿ ಮಂಡಿಯಲ್ಲಿ ಮೂಟೆಗಳ ಲೆಕ್ಕ ಬರೆಯುತ್ತೇನೆ. ಮಂಡಿಯಲ್ಲಿ ಅರ್ಧ ಕಿಲೊ ಹೆಚ್ಚುಕಡಿಮೆಯಾದರೆ ಸಂಜೆಯವರೆಗೆ ಕೂತು ಹುಡುಕುತ್ತೇವೆ. ಪತ್ರಿಕೆಯಲ್ಲಿ ಕರ್ತೃಪದವೇ ಕಾಣೆಯಾದರೂ ಹುಡುಕುವವರಿಲ್ಲ. ಅದಕ್ಕೆ ನಾನೇ ಹುಡುಕತೊಡಗಿದೆ. ಡೈರಿಯಲ್ಲಿ ಕೆಂಪು ಪೆನ್ಸಿಲಿನಿಂದ ನಾಲ್ಕು ಮನೆ ಎಳೆದೆ: ಕರ್ತೃವಿಗೂ ಕ್ರಿಯೆಗೂ ಹೊಂದದ್ದು, ಹೊಟ್ಟೆ ಸೀಳಬೇಕಾದ ಅಕ್ಷರಕ್ಕೆ ಸೀಳದ್ದು, ಅರ್ಧ ದಾರಿಯಲ್ಲಿ ಕೈಬಿಟ್ಟ ವಾಕ್ಯ, ಕೊನೆಯದು ‘ಏನೆಂದು ತಿಳಿಯಲಿಲ್ಲ’. ಆ ನಾಲ್ಕನೆಯ ಮನೆಯೇ ಎಲ್ಲಕ್ಕಿಂತ ಬೇಗ ತುಂಬುತ್ತಿತ್ತು. ನಮ್ಮ ಮಂಡಿಯ ಸಾಹುಕಾರರು ಒಂದು ದಿನ ಇದನ್ನು ನೋಡಿ, “ಎಂತ ವನಜಾ, ಕಪ್ಪು ಬೀಜ ಆರಿಸ್ತಾ ಇದ್ದೀಯಾ? ಎಲ್ಲಾ ಮೂಟೇಲೂ ಸ್ವಲ್ಪ ಕಪ್ಪು ಇರ್ತದೆ. ಅದಕ್ಕೆ ನಾವು ರೇಟು ಇಳಿಸ್ತೀವಿ, ಅಳ್ತಾ ಕೂರಲ್ಲ” ಅಂದರು. ಪತ್ರಿಕೆಯವರು ರೇಟು ಇಳಿಸಿದ್ದನ್ನು ನಾನಂತೂ ಕಾಣೆ. ಆ ತಿಂಗಳೇ ಎಂಟಾಣೆ ಏರಿಸಿದ್ದರು.

ಇಷ್ಟಕ್ಕೇ ನಿಂತಿದ್ದರೆ ಇದು ನನ್ನೊಬ್ಬಳ ಸಂಕಟವಾಗಿ ಉಳಿಯುತ್ತಿತ್ತು. ಆದರೆ ನಮ್ಮ ಪಕ್ಕದ ಮನೆಯಲ್ಲಿ ಗಣಪಯ್ಯ ಮೇಷ್ಟ್ರಿದ್ದಾರೆ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಹೇಳಿಕೊಟ್ಟವರು. ಅವರ ತರಗತಿಯಲ್ಲಿ ವಿಭಕ್ತಿ ತಪ್ಪಿದ ಹುಡುಗ ಊಟದ ಬೆಲ್ಲು ಹೊಡೆದರೂ ಏಳುವಂತಿರಲಿಲ್ಲ. ನಿವೃತ್ತಿಯಾದ ಮೇಲೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಪೇಪರ್ ಓದಲಾಗದೆ ಒದ್ದಾಡುವುದನ್ನು ನೋಡಲಾರದೆ ಅವರ ಹೆಂಡತಿ ಸೀತಮ್ಮ ನನ್ನನ್ನು ಕರೆದು, “ಕೆಲಸಕ್ಕೆ ಹೋಗೋ ಮೊದಲು ಅರ್ಧ ಗಂಟೆ ಓದಿ ಹೇಳು ಮಗಾ” ಅಂದರು. ಒಪ್ಪಿಕೊಂಡೆ. ಬೆಳಗಿನ ಬಸ್ಸಿನಲ್ಲಿ ಜಿಲ್ಲೆಯ ಪತ್ರಿಕೆ ಬರುತ್ತಿದ್ದಂತೆ ಹೋಗಿ ಕೂತೆ. ಮೊದಲನೆಯ ಸುದ್ದಿಯ ಮೊದಲನೆಯ ವಾಕ್ಯ ಹೀಗಿತ್ತು: ‘ರಸ್ತೆ ದುರಸ್ತಿಗೆ ಒತ್ತಾಯಿಸಿ ಗ್ರಾಮಸ್ಥರು ಮನವಿ ಸಲ್ಲಿಸಿತು.’

“ಎಂತದು?” ಅಂದರು ಮೇಷ್ಟ್ರು.

“ಗ್ರಾಮಸ್ಥರು ಸಲ್ಲಿಸಿತು ಸಾರ್.”

“ಯಾರು ಮಾರಾಯ್ತಿ ಇದನ್ನ ಬರೆದದ್ದು? ಅವನಿಗೆ ಮೇಷ್ಟ್ರು ಯಾರು? ಗ್ರಾಮಸ್ಥರು ಅಂದ್ರೆ ಎಮ್ಮೆಯಾ?”

ಅಲ್ಲಿಂದ ಮುಂದೆ ಅರ್ಧ ಗಂಟೆ ಅವರೇ ಮಾತಾಡಿದರು. ನನಗೆ ಮಂಡಿಗೆ ತಡವಾಯಿತು, ರಸ್ತೆ ಏನಾಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಮಾರನೆಯ ದಿನವೂ ಹಾಗೇ. ಮೂರನೆಯ ದಿನ ಸೀತಮ್ಮ ಬಾಗಿಲಲ್ಲೇ ತಡೆದು ಮೆಲ್ಲಗೆ, “ಅವರಿಗೆ ಬಿ.ಪಿ. ಇದೆ ಕಣೇ. ಸ್ವಲ್ಪ ನೇರ ಮಾಡಿ ಓದಬಾರದಾ? ಅವರಿಗೆಂತ ಕಾಣ್ತದಾ?” ಅಂದರು. ಅಲ್ಲಿಂದ ನಾನು ತಿದ್ದಿ ಓದತೊಡಗಿದೆ. ಕಣ್ಣು ಒಂದು ಓದಿದರೆ ಬಾಯಿ ಇನ್ನೊಂದು ಹೇಳಬೇಕು. ವಾಕ್ಯದ ಕೊನೆ ಎಲ್ಲಿ ಮುಟ್ಟುತ್ತದೆಂದು ಮೊದಲೇ ನೋಡಿಕೊಂಡು ತಲೆಯನ್ನು ಅದಕ್ಕೆ ಹೊಂದಿಸಬೇಕು. ಒಂದು ವಾರದಲ್ಲಿ ನುರಿತೆ. ಮೇಷ್ಟ್ರ ಮುಖ ತಿಳಿಯಾಯಿತು. ಕಾಫಿ ಆರುವ ಮೊದಲೇ ಎರಡು ಪುಟಗಳು ಮುಗಿಯತೊಡಗಿದವು. ಒಂದು ದಿನ ಅವರು ತಲೆದೂಗಿ, “ಪತ್ರಿಕೆಗೆ ಯಾರೋ ಹೊಸಬರು ಬಂದಿದಾರೆ ಮಾರಾಯ್ತಿ. ಓದಿದವರು ಇರಬೇಕು” ಅಂದರು. ಒಳಗೆ ಸೀತಮ್ಮ ಒಗ್ಗರಣೆ ಹಾಕುತ್ತ ಕೆಮ್ಮಿದರು.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಪತ್ರಿಕೆಯ ಭಾಷಾಶುದ್ಧಿಯನ್ನು ಹೊಗಳಿ ಸಂಪಾದಕರಿಗೆ ಒಂದು ಕಾರ್ಡು ಬರೆಯಲು ಹೇಳಿದರು. ಬರೆದವಳು ನಾನೇ. ವರ್ಷಗಟ್ಟಲೆ ಎಣಿಸಿದ ತಪ್ಪುಗಳ ಯಜಮಾನರಿಗೆ ನನ್ನ ಕೈಯಾರೆ ಅಭಿನಂದನೆ! ಹತ್ತು ದಿನದಲ್ಲಿ ಅದು ಓದುಗರ ಪತ್ರಗಳಲ್ಲಿ ಅಚ್ಚಾಯಿತು. ಆರು ಸಾಲು, ಐದು ತಪ್ಪು. ‘ಭಾಷಾಶುದ್ಧಿ’ಯ ಹೊಟ್ಟೆ ಸೀಳಿರಲಿಲ್ಲ. ಮೇಷ್ಟ್ರು ಅದನ್ನು ನನ್ನಿಂದ ಮೂರು ಸಲ ಓದಿಸಿ, “ನೋಡು, ಒಂದಕ್ಷರ ಹೆಚ್ಚುಕಡಿಮೆ ಆಗಿಲ್ಲ” ಅಂದರು. ನಾನು ಹೂಂ ಅಂದೆ. ಅಳು ಬರುತ್ತಿತ್ತು.

ಈ ಮಾರ್ಚಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಯೊಂದರಲ್ಲಿ ಅವರ ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ, ಹನಿ ಔಷಧಿ ಮುಗಿದು, ಹೊಸ ಕನ್ನಡಕ ಬಂದ ದಿನ ಮೇಷ್ಟ್ರು ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಹಬ್ಬದ ಊಟಕ್ಕೆ ಕೂತ ಹಾಗೆ ಪತ್ರಿಕೆ ಬಿಡಿಸಿದರು. ನಾನು ಎಳನೀರು ತರುವ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಮರಳಿ ಬಂದಾಗ ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಹಾಕಿಕೊಂಡು ನೋಡಿದರು. ಮತ್ತೆ ಒರೆಸಿದರು. ಕೊನೆಗೆ ತಣ್ಣಗೆ, “ಆಪರೇಷನ್ ಕೆಟ್ಟಿದೆ ವನಜಾ” ಅಂದರು.

ನಗು ಬರಬೇಕಿತ್ತು. ಬರಲಿಲ್ಲ. ಏಕೆಂದರೆ ಎಡಗಣ್ಣಿನ ಪೊರೆ ಪೂರ್ತಿ ಬಲಿತಿತ್ತು, ಜುಲೈ ಮುಗಿಯುವುದರೊಳಗೆ ತೆಗೆಸದಿದ್ದರೆ ಆ ಕಣ್ಣೇ ಹೋಗಬಹುದೆಂದು ಡಾಕ್ಟರು ಹೇಳಿದ್ದರು. ಮೇಷ್ಟ್ರು ಈಗ ಅದನ್ನು ಮುಟ್ಟಿಸಲು ಸಿದ್ಧರಿರಲಿಲ್ಲ. “ಪೊರೆ ಇದ್ದಾಗ ಪತ್ರಿಕೆ ಚೆನ್ನಾಗಿತ್ತು. ತೆಗೆಸಿದ ಮೇಲೆ ಕೆಟ್ಟಿತು. ಇನ್ನೊಂದನ್ನೂ ಯಾಕೆ ಹಾಳು ಮಾಡಿಕೊಳ್ಳಲಿ?” ಎಂಬುದು ಅವರ ವಾದ. ವಾದದಲ್ಲಿ ತಪ್ಪು ಹಿಡಿಯುವಂತಿರಲಿಲ್ಲ. ಡಾಕ್ಟರೇ ಹೇಳಿದರೆ ಕೇಳಿಯಾರು ಎಂದು ಮಂಡಿಗೆ ರಜೆ ಹಾಕಿ ಅವರನ್ನು ಬಸ್ಸು ಹತ್ತಿಸಿದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದರು. ಮೇಷ್ಟ್ರು ಕೊನೆಯ ಸಾಲಿನವರೆಗೂ ಓದಿದರು.

“ಮತ್ತೇನು ತೊಂದರೆ ಯಜಮಾನ್ರೇ?”

“ಅಕ್ಷರ ಕಾಣ್ತದೆ ಡಾಕ್ಟ್ರೇ. ವಾಕ್ಯ ಸರಿ ಕಾಣಲ್ಲ. ಮೇಯುವಾಗ ಮೂರು ಹಸುಗಳು ಕಾಣ್ತವೆ, ಸಾಯುವಾಗ ‘ಸತ್ತಿತು’, ಒಂದೇ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಮೇಜಿನ ಮೇಲಿದ್ದ ಅಂದಿನ ಪತ್ರಿಕೆ ಕೊಟ್ಟು ಓದಿಸಿದರು. ಮೇಷ್ಟ್ರು, ಕಹಿ ಕಷಾಯ ನುಂಗುವವರಂತೆ, ಇದ್ದದ್ದನ್ನು ಇದ್ದ ಹಾಗೇ ಓದಿದರು: “ಕಾಡಾನೆ ತುಳಿದು ಗಾಯಗೊಂಡ ಮೇಸ್ತ್ರಿಯನ್ನು ನೋಡಲು ಬಂದ ಶಾಸಕರನ್ನು ಕೂಡಲೇ ಆಸ್ಪತ್ರೆಗೆ ಸೇರಿಸಲಾದರು.” ಡಾಕ್ಟರು ಸಾಲಿನ ಕೆಳಗೆ ಬೆರಳು ಆಡಿಸುತ್ತ ಬಂದು, “ಒಂದಕ್ಷರ ಬಿಟ್ಟಿಲ್ವಲ್ಲ! ಕಣ್ಣು ಫಸ್ಟ್ ಕ್ಲಾಸಾಗಿದೆ” ಅಂದರು.

“ನಿಮಗೂ ಹೀಗೇ ಕಾಣ್ತದಾ?”

“ಹೀಗೇ.”

“ಏನೂ ತೊಂದರೆ ಅನ್ನಿಸಲ್ಲ?”

“ಇಲ್ವಲ್ಲ. ಯಾಕೆ?”

ಮೇಷ್ಟ್ರು ಎದ್ದು ಕೈಮುಗಿದರು. ಬಸ್ಸು ಮೂಡಿಗೆರೆ ದಾಟಿದ ಮೇಲೆ, “ಪಾಪ, ಚಿಕ್ಕ ವಯಸ್ಸು ಮಾರಾಯ್ತಿ. ಅವರಿಗೂ ಶುರುವಾಗಿದೆ. ತಮ್ಮ ಕಣ್ಣೇ ಹೀಗಿರೋರ ಕೈಗೆ ನಾನು ಇನ್ನೊಂದು ಕಣ್ಣು ಕೊಡಲಾ?” ಅಂದರು.

ಇನ್ನು ಸುಮ್ಮನಿರುವಂತಿರಲಿಲ್ಲ. ಮಾರನೆಯ ಬೆಳಿಗ್ಗೆ ಸೀತಮ್ಮನ ಎದುರಿಗೇ ಎಲ್ಲ ಹೇಳಿದೆ. ಪತ್ರಿಕೆ ಎಂದೂ ಸುಧಾರಿಸಿರಲಿಲ್ಲ, ನಾನು ಬಾಯಲ್ಲಿ ತಿದ್ದುತ್ತಿದ್ದೆ, ನಿಮ್ಮ ಕಣ್ಣು ಸರಿಯಾಗಿದೆ, ಕೆಟ್ಟಿರುವುದು ಅಚ್ಚು ಎಂದೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. “ಹೇಳಿಸಿದ್ದು ನಾನೇ. ಬೈಯೋದಾದ್ರೆ ನನ್ನನ್ನ ಬೈಯಿರಿ” ಅಂದರು ಸೀತಮ್ಮ. ಮೇಷ್ಟ್ರು ಇಬ್ಬರನ್ನೂ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಹಾಗಾದ್ರೆ ನೀನು ಓದಿದ್ದರಲ್ಲಿ ಉಳಿದಿದ್ದ ತಪ್ಪು ಯಾರದ್ದು?”

“ಯಾವ ತಪ್ಪು ಸಾರ್?”

“ದಿನಕ್ಕೆ ನಾಲ್ಕೈದು ಕೇಳ್ತಿತ್ತು. ಇಷ್ಟು ಸುಧಾರಿಸಿದಾರೆ, ಅಷ್ಟಕ್ಕೆಲ್ಲ ಬೈಯಬಾರದು ಅಂತ ನಾನೇ ನುಂಗಿಕೊಂಡೆ.”

ಸೀತಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ನನ್ನ ನಾಲ್ಕು ಮನೆಯ ಡೈರಿ, ಕೆಂಪು ಪೆನ್ಸಿಲು, ಇಷ್ಟು ವರ್ಷದ ಸಿಟ್ಟು ಎಲ್ಲ ಒಟ್ಟಿಗೇ ಮಂಡಿಯ ತಕ್ಕಡಿಯಲ್ಲಿ ಕೂತು ಏನೂ ತೂಗದ ಹಾಗಾಯಿತು. ಮೇಷ್ಟ್ರು ಮಾತ್ರ ಹತ್ತು ವರ್ಷ ಚಿಕ್ಕವರಾಗಿ ಎದ್ದು ನಿಂತರು. “ಡಾಕ್ಟ್ರಿಗೆ ಫೋನ್ ಮಾಡು. ಎಡಗಣ್ಣೂ ಮಾಡಿಸ್ತೇನೆ. ಪತ್ರಿಕೆ ಮೇಲೊಂದು ಕಣ್ಣಿಡಬೇಕು, ನಿನ್ನ ಮೇಲೊಂದು.”

ಕಳೆದ ಸೋಮವಾರ ಎಡಗಣ್ಣಿನ ಆಪರೇಷನ್ ಚೆನ್ನಾಗಿಯೇ ಆಯಿತು. ಎರಡು ವಾರ ಏನನ್ನೂ ಓದಬಾರದು ಎಂದಿರುವುದರಿಂದ ಈಗ ಮತ್ತೆ ನಾನೇ ಓದುತ್ತೇನೆ. ಇದ್ದದ್ದನ್ನು ಇದ್ದ ಹಾಗೇ ಓದಬೇಕೆಂದು ಅಪ್ಪಣೆ. ಎಲ್ಲಿ ಎಡವಿದರೂ ಮೇಷ್ಟ್ರು ಕೈ ಎತ್ತಿ, “ಇದು ಅವರದಾ, ನಿಂದಾ?” ಎಂದು ಕೇಳುತ್ತಾರೆ. ಮೊದಲ ಎರಡು ದಿನ ನಿಜವನ್ನೇ ಹೇಳಿ ಎರಡೂ ದಿನ ಮಂಡಿಗೆ ತಡವಾಗಿ ಹೋದೆ. ಮೊನ್ನೆ ಗುರುವಾರ ಒಂದು ಉದ್ದ ವಾಕ್ಯದ ಕೊನೆಯಲ್ಲಿ ನಾಲಿಗೆ ತಪ್ಪಿತು. ಪತ್ರಿಕೆಯಲ್ಲಿ ಅದು ಸರಿಯಾಗಿಯೇ ಇತ್ತು. ಕೈ ಮೇಲೆದ್ದಿತು. “ಅವರದು ಸಾರ್” ಅಂದೆ. “ಥೂ, ಇವರಿಗೆ ಬುದ್ಧಿ ಬರೋದು ಯಾವಾಗ?” ಎಂದು ಮೇಷ್ಟ್ರು ಮುಂದಿನದಕ್ಕೆ ಹೋದರು. ಆ ಗಳಿಗೆಯಲ್ಲಿ ಪತ್ರಿಕೆಯ ಮೇಲೆ ನನಗೆ ಮೊದಲ ಬಾರಿಗೆ ಒಂದು ತರಹದ ಕೃತಜ್ಞತೆ ಹುಟ್ಟಿತು. ಶುಕ್ರವಾರ ಮೂರು ಸಲ, ನಿನ್ನೆ ನಾಲ್ಕು ಸಲ ನನ್ನ ತಪ್ಪನ್ನು ಪತ್ರಿಕೆಯವರ ತಲೆಗೆ ಕಟ್ಟಿದ್ದೇನೆ.

ಕನ್ನಡವನ್ನು ನನಗಿಂತ ಹೆಚ್ಚು ಬಲ್ಲವರು ಈ ಬರಹದಲ್ಲಿ ತಪ್ಪು ಕಂಡರೆ ದಯವಿಟ್ಟು ನನಗೊಂದು ಕಾರ್ಡು ಬರೆಯಿರಿ. ಮೇಷ್ಟ್ರಿಗೆ ಬರೆಯಬೇಡಿ. ನಾನು ಅಚ್ಚಿಗೆ ಕೊಟ್ಟ ಪ್ರತಿಯಲ್ಲಂತೂ ಎಲ್ಲ ಸರಿಯಾಗಿಯೇ ಇತ್ತು.